ವಾರ್ಡ್ ಗ್ರಾಮಸಭೆಗೆ ಬೇಡಿಕೆ ಪಟ್ಟಿ: ಮನೆ, ಕಟ್ಟೆಯಿಲ್ಲದ ಬಾವಿ, ಬೀದಿದೀಪ, ಪಾಲಿಯೇಟಿವ್. ಯಾವುದನ್ನು ಹೇಗೆ ಬರೆಯಬೇಕು?

ಪೈವಳಿಕೆ_ಕಡೆಯವ:

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಗ್ರಾಮ ಪಂಚಾಯತಿಯ ವಾರ್ಡ್ ಗ್ರಾಮಸಭೆ ಹತ್ತಿರ ಬಂತು. ಮುಂದಿನ ವರ್ಷದ ಯೋಜನೆಗೆ ಬೇಡಿಕೆ ಬರೆದು ಕೊಡಿ ಅಂತ ಮೆಂಬರು ಹೇಳಿದ್ದಾರೆ. ಅಯಲ್‌ಕೂಟಗಳಲ್ಲಿ (ಕುಟುಂಬಶ್ರೀ ಮಹಿಳೆಯರ ನೆರೆಹೊರೆ ಗುಂಪು) ಮಾತಾಡಿ ಇಷ್ಟು ಒಟ್ಟಾಗಿದೆ:

ಮನೆ ಇಲ್ಲದ ಮತ್ತು ಮನೆ ಬೀಳುವ ಹಾಗಿರುವ ಕುಟುಂಬಗಳು ಏಳು. ಕಟ್ಟೆ ಇಲ್ಲದ ಬಾವಿ ನಾಲ್ಕು, ಅದರಲ್ಲಿ ಒಂದು ಸಾರ್ವಜನಿಕ ಬಾವಿ. ಕೆಲಸ ನಿಂತುಹೋದ ಎರಡು ಕೆಂಪುಕಲ್ಲಿನ ಕೋರೆ (ಕಲ್ಲು ಕೊಯ್ದ ಹೊಂಡ), ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ, ಶಾಲೆಗೆ ಹೋಗುವ ದಾರಿ ಪಕ್ಕವೇ. ಸುಮಾರು ಒಂದೂವರೆ ಕಿಲೋಮೀಟರ್ ರಸ್ತೆಯಲ್ಲಿ ದೀಪ ಇಲ್ಲ. ಹಾಸಿಗೆ ಹಿಡಿದವರ ಮನೆಗೆ ಪಾಲಿಯೇಟಿವ್ (ನೋವು ಶಮನದ ಆರೈಕೆ) ನರ್ಸ್ ಬರುವುದು ಅಪರೂಪ.

ಹಿಂದಿನ ಮಿನಿಟ್ಸ್ ನೋಡಿದರೆ ಹೆಚ್ಚಿನ ಬೇಡಿಕೆಗಳ ಎದುರು "ಪರಿಗಣಿಸಲಾಗುವುದು" ಅಂತ ಮಾತ್ರ ಉಂಟು. ಹಾಗಾಗದ ಹಾಗೆ ಬರೆಯುವುದು ಹೇಗೆ? ಯಾವುದನ್ನು ಮೊದಲು ಇಡಬೇಕು? ಕನ್ನಡದಲ್ಲೇ ಕೊಟ್ಟರೆ ನಡೆಯುತ್ತದಾ?

ಗಡಿನಾಡ_ಲೆಕ್ಕ:

"ಪರಿಗಣಿಸಲಾಗುವುದು" ಅಂತ ಬರೆದುಬಿಡುವುದಕ್ಕೆ ಮುಖ್ಯ ಕಾರಣ ಬೇಡಿಕೆಯಲ್ಲಿ ಹಣದ ದಾರಿ ಇಲ್ಲದಿರುವುದು. ಪಂಚಾಯತಿಯ ಹಣ ಒಂದೇ ಚೀಲದಲ್ಲಿ ಇರುವುದಿಲ್ಲ. ಯೋಜನಾ ನಿಧಿ ಬೇರೆ, ಅದರಲ್ಲೇ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಂತ ಬೇರೆ ಬೇರೆ ಪಾಲು. ನಿರ್ವಹಣಾ ನಿಧಿ ಬೇರೆ, ಅದು ರಸ್ತೆ ಮತ್ತು ರಸ್ತೆಯೇತರ ಎಂದು ಎರಡು. ಕೇಂದ್ರ ಹಣಕಾಸು ಆಯೋಗದ ಅನುದಾನ ಬೇರೆ. ಕಟ್ಟಡ ತೆರಿಗೆ, ವೃತ್ತಿ ತೆರಿಗೆಯಿಂದ ಬರುವ ಸ್ವಂತ ನಿಧಿ ಬೇರೆ. ಒಂದರ ಹಣದಲ್ಲಿ ಇನ್ನೊಂದರ ಕೆಲಸ ಮಾಡಿದರೆ ಆಡಿಟ್‌ನಲ್ಲಿ ಸೆಕ್ರೆಟರಿಯ ತಲೆಗೆ ಬರುತ್ತದೆ. ಹಾಗಾಗಿ ಎಲ್ಲಿಂದ ಎಂದು ಗೊತ್ತಿಲ್ಲದ ಬೇಡಿಕೆಯನ್ನು ಅವರು ಮುಟ್ಟುವುದಿಲ್ಲ.

ನಿಮ್ಮ ಪಟ್ಟಿಯನ್ನೇ ಹಿಡಿದು ಹೇಳುವುದಾದರೆ:

ಸಾರ್ವಜನಿಕ ಬಾವಿಯ ಕಟ್ಟೆ ಕುಡಿಯುವ ನೀರಿನ ಕೆಲಸ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ 60 ಶೇಕಡ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಎಷ್ಟೋ ಕಡೆ ಎಲ್ಲರೂ ರಸ್ತೆ ಕೇಳುತ್ತಾರೆ, ಈ ಪಾಲಿಗೆ ಸರಿಯಾದ ಪ್ರಾಜೆಕ್ಟೇ ಸಿಗದೆ ಹಣ ಮಿಕ್ಕುತ್ತದೆ. ಮುಂದಿನ ಅವಧಿಯ ನಿಯಮವನ್ನು ಪಂಚಾಯತಿ ಆಫೀಸಿನಲ್ಲಿ ಕೇಳಿಕೊಳ್ಳಿ, ಆದರೆ ನೀರಿನ ಕೆಲಸವನ್ನು ಯೋಜನಾ ನಿಧಿಯ ಸಾಲಿನಲ್ಲಿ ನಿಲ್ಲಿಸಿ ರಸ್ತೆಯ ಜೊತೆ ಸ್ಪರ್ಧೆಗೆ ಬಿಡಬೇಡಿ.

ಖಾಸಗಿ ಬಾವಿ ಮೂರು ಅಂದಿರಿ. ಅದಕ್ಕೆ ಸಾರ್ವಜನಿಕ ಹಣ ನೇರವಾಗಿ ಹಾಕಲು ಬರುವುದಿಲ್ಲ. ಬಡ ಕುಟುಂಬದ್ದಾದರೆ "ಬಾವಿ ನವೀಕರಣ" ಎಂಬ ವೈಯಕ್ತಿಕ ಫಲಾನುಭವಿ ಪ್ರಾಜೆಕ್ಟ್ ಇಡಬೇಕು, ಹೆಸರು ಗ್ರಾಮಸಭೆಯ ಪಟ್ಟಿಯಲ್ಲಿ ಪಾಸಾಗಬೇಕು. ಅನುಕೂಲ ಇರುವವರದ್ದಾದರೆ ಹಣದ ಮಾತೇ ಬೇಡ. ಅಪಾಯಕಾರಿ ಬಾವಿ, ಹೊಂಡ, ಬೀಳುವ ಮರ ಇವಕ್ಕೆ ಮಾಲಿಕರಿಗೆ ನೋಟಿಸ್ ಕೊಡುವ ಅಧಿಕಾರ ಕೇರಳ ಪಂಚಾಯತ್ ರಾಜ್ ಕಾನೂನಿನಲ್ಲೇ ಪಂಚಾಯತಿಗೆ ಉಂಟು. ಇಂಥದ್ದಕ್ಕೆ ಗ್ರಾಮಸಭೆಯ ತನಕ ಕಾಯುವುದೂ ಬೇಡ, ಇವತ್ತೇ ಅರ್ಜಿ ಕೊಡಬಹುದು.

ಕಟ್ಟೆಯ ಅಂದಾಜು ಕೇಳಿದರೆ ತಯಾರಿರಲಿ. ಬಾವಿಯ ಬಾಯಿ 3 ಮೀಟರ್ ಅಗಲ, ಕಲ್ಲು ಸುಮಾರು 38×20×20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 20 ಸೆಂ.ಮೀ. ದಪ್ಪದ ಗೋಡೆಯ ನಡುಗೆರೆ ಸುಮಾರು 10 ಮೀಟರ್ ಬರುತ್ತದೆ. ಸಂದು ಸೇರಿ ಒಂದು ವರಸೆಗೆ 26 ಕಲ್ಲು. ಐದು ವರಸೆ ಏರಿಸಿದರೆ ಒಂದು ಮೀಟರಿಗೆ ಸ್ವಲ್ಪ ಮೇಲೆ, ಅಂದರೆ 130 ಕಲ್ಲು. ವೃತ್ತಕ್ಕೆ ಕೊಚ್ಚುವಾಗ ಒಡೆಯುವುದಕ್ಕೆ ಹತ್ತು ಶೇಕಡ ಹೆಚ್ಚು ಹಿಡಿಯಿರಿ. ಹಳೇ ಬಾವಿಯ ಅಂಚು ಕುಸಿದಿದ್ದರೆ ಅದರ ಮೇಲೆಯೇ ಕಟ್ಟಬಾರದು, ಮಣ್ಣು ತೆಗೆದು ಗಟ್ಟಿ ನೆಲ ಸಿಗುವಲ್ಲಿಂದ ಕಾಂಕ್ರೀಟ್ ಬೆಲ್ಟ್ ಹಾಕಿ ಮೇಲೆ ಬರಬೇಕು. ಎಸ್ಟಿಮೇಟಿನಲ್ಲಿ ಬೆಲ್ಟ್ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಕಟ್ಟೆ ಓರೆಯಾಗುತ್ತದೆ. ಸುತ್ತ ಹೊರಕ್ಕೆ ಇಳಿಜಾರಿನ ಸಿಮೆಂಟ್ ನೆಲವೂ ಇರಲಿ, ಇಲ್ಲವಾದರೆ ಬಟ್ಟೆ ಒಗೆದ ನೀರು ಮರಳಿ ಬಾವಿಗೇ ಇಳಿಯುತ್ತದೆ.

ಪೆರ್ಲದಕ್ಕ:

ಮನೆಯ ವಿಷಯ ನಾನು ಹೇಳುತ್ತೇನೆ. ಪಟ್ಟಿಯಲ್ಲಿ ಅದನ್ನೇ ಮೊದಲು ಇಡಿ, ಆದರೆ "ಏಳು ಮನೆ ಬೇಕು" ಅಂತ ಬರೆಯಬೇಡಿ. ಏಳು ಕುಟುಂಬಗಳನ್ನೂ ಬೇರೆ ಬೇರೆಯಾಗಿ ನೋಡಿ.

ಮನೆ ಕಟ್ಟುವ ದಾರಿ ಲೈಫ್ ಮಿಷನ್, ಕೇರಳ ಸರಕಾರದ ವಸತಿ ಯೋಜನೆ. ಒಂದು ಮನೆಗೆ 4 ಲಕ್ಷ ರೂಪಾಯಿ, ವಿಸ್ತೀರ್ಣ ಸುಮಾರು 400 ಚದರಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೊಸ ಹೆಸರು ಹೇಳಿದ ಮಾತ್ರಕ್ಕೆ ಪಟ್ಟಿಗೆ ಸೇರುವುದಿಲ್ಲ. ಅರ್ಜಿ ಸ್ವೀಕಾರ, ಪರಿಶೀಲನೆ, ಅಪೀಲು ಆದ ಮೇಲೆ ಗ್ರಾಮಸಭೆ ಅಂಗೀಕರಿಸುವುದು ಕ್ರಮ. ಹಾಗಾಗಿ ಏಳರಲ್ಲಿ ಎಷ್ಟು ಹೆಸರು ಈಗಾಗಲೇ ಲೈಫ್ ಪಟ್ಟಿಯಲ್ಲಿ ಉಂಟು ಎಂದು ವಿಇಒ (ವಿಲ್ಲೇಜ್ ಎಕ್ಸ್‌ಟೆನ್ಶನ್ ಆಫೀಸರ್) ಹತ್ತಿರ ಮೊದಲು ಕೇಳಿ. ಇದ್ದವರದ್ದು ಯಾಕೆ ನಿಂತಿದೆ ಎನ್ನುವುದೇ ಬೇಡಿಕೆ. ಇಲ್ಲದವರದ್ದು ಬೇರೆ ಬೇಡಿಕೆ.

ನಿಲ್ಲುವುದು ಹೆಚ್ಚಾಗಿ ಜಾಗದ ಕಾಗದದಲ್ಲಿ. ನಮ್ಮ ಕಡೆ ಹಳೇ ದಾಖಲೆಯಲ್ಲಿ "ನಂಜ" (ಗದ್ದೆ) ಅಂತ ಇರುವ ಜಾಗದಲ್ಲಿ ಈಗ ಅಡಿಕೆ, ತೆಂಗು ಬೆಳೆದಿರುತ್ತದೆ. ಗದ್ದೆಯ ಕುರುಹೂ ಇರುವುದಿಲ್ಲ, ಆದರೆ ಕಾಗದ ಗದ್ದೆಯೇ. 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾನೂನಿನ ಪ್ರಕಾರ ಆ ಜಾಗ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ತೇವಭೂಮಿಗಳ ಅಧಿಕೃತ ಪಟ್ಟಿ) ಉಂಟಾ ಇಲ್ಲವಾ ನೋಡಬೇಕು. ತಪ್ಪಾಗಿ ಸೇರಿದ್ದರೆ ಫಾರಂ 5ರಲ್ಲಿ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿ) ಇಲ್ಲವೇ ಆ ಅಧಿಕಾರ ಇರುವ ಡೆಪ್ಯುಟಿ ಕಲೆಕ್ಟರರಿಗೆ ಅರ್ಜಿ, ಕೃಷಿ ಆಫೀಸರರ ವರದಿ ಬೇಕು. ಡಾಟಾ ಬ್ಯಾಂಕಿನಲ್ಲಿ ಇಲ್ಲ, ದಾಖಲೆಯಲ್ಲಿ ಮಾತ್ರ ನಂಜ ಎಂದಿದ್ದರೆ ಫಾರಂ 6. ಎರಡನ್ನೂ ಅದಲುಬದಲು ಮಾಡಿ ಹಾಕಿದರೆ ತಿಂಗಳುಗಟ್ಟಲೆ ಕಾದ ಮೇಲೆ ತಿರಸ್ಕಾರದ ಕಾಗದ ಬರುತ್ತದೆ. ನಿಜವಾಗಿಯೂ ಗದ್ದೆಯೇ ಆಗಿದ್ದು, ಬೇರೆ ಜಾಗವೇ ಇಲ್ಲದ ಕುಟುಂಬವಾದರೆ, ಸ್ವಂತ ವಾಸದ ಮನೆಗೆ ಪಂಚಾಯತಿ ಪ್ರದೇಶದಲ್ಲಿ 10 ಸೆಂಟಿನವರೆಗೆ ಅನುಮತಿ ಕೇಳುವ ದಾರಿ ಅದೇ ಕಾನೂನಿನಲ್ಲಿ ಉಂಟು. ಆ ಅರ್ಜಿ ಸ್ಥಳೀಯ ನಿರೀಕ್ಷಣಾ ಸಮಿತಿಗೆ ಹೋಗುತ್ತದೆ. ಆ ಸಮಿತಿಯ ಅಧ್ಯಕ್ಷರು ಪಂಚಾಯತಿ ಅಧ್ಯಕ್ಷರೇ! ಹಾಗಾಗಿ "ಸಮಿತಿಯ ಸಭೆ ಕರೆಯಿರಿ" ಎಂಬ ಒಂದೇ ಸಾಲು ಗ್ರಾಮಸಭೆಯ ಮಿನಿಟ್ಸಿನಲ್ಲಿ ಬರಲಿ. ಖರ್ಚಿಲ್ಲದ ಬೇಡಿಕೆ, ಬೇಡ ಅನ್ನಲು ಯಾರಿಗೂ ಕಾರಣ ಸಿಗುವುದಿಲ್ಲ.

ಪಟ್ಟಿಯಲ್ಲಿರುವವರು ಪರಿಶಿಷ್ಟ ಜಾತಿಯವರೋ, ಪಂಗಡದವರೋ ಎಂದು ಗುರುತು ಹಾಕಿ. ಹಣದ ಪಾಲು ಬೇರೆ ಇರುವುದರಿಂದ ಅವರದ್ದು ಸಾಮಾನ್ಯ ಸಾಲಿನ ಹಿಂದೆ ನಿಲ್ಲಬೇಕಾಗಿಲ್ಲ. ಕೊರಗ ಕುಟುಂಬವಿದ್ದರೆ ಪಿಎಂ ಜನ್‌ಮನ್ ಯೋಜನೆಯನ್ನೂ ಟ್ರೈಬಲ್ ಎಕ್ಸ್‌ಟೆನ್ಶನ್ ಆಫೀಸಿನಲ್ಲಿ ವಿಚಾರಿಸಿ. ಮರಾಟಿಯವರು ಪರಿಶಿಷ್ಟ ಪಂಗಡದವರೇ, ಆದರೆ ಜನ್‌ಮನ್ ಅವರಿಗಲ್ಲ, ಅದು ಕೊರಗರಂಥ ವಿಶೇಷ ದುರ್ಬಲ ಪಂಗಡಗಳಿಗೆ.

ಇನ್ನು ಕೆಲಸ ಸುರುವಾದ ಮೇಲೆ ಮನೆ ಅರ್ಧಕ್ಕೆ ನಿಲ್ಲುವುದು ಯಾಕೆ? ಪಂಚಾಂಗ (ಅಡಿಪಾಯ) ಹಾಕುವಾಗಲೇ 400ರ ಬದಲು 600 ಚದರಡಿಗೆ ಹಾಕುತ್ತಾರೆ. ಮಗನಿಗೆ ಮದುವೆಯಾದರೆ ಒಂದು ಕೋಣೆ ಇರಲಿ ಅಂತ. ಹಣ ಬರುವುದು ಕೆಲಸದ ಹಂತ ನೋಡಿ ಕಂತಿನಲ್ಲಿ. ಪಂಚಾಂಗ ದೊಡ್ಡದಾದರೆ ಗೋಡೆಯೂ ಉದ್ದ, ಸ್ಲ್ಯಾಬಿನ ಕಬ್ಬಿಣವೂ ಹೆಚ್ಚು. ಲಿಂಟಲ್ ತಲುಪುವಾಗ ಕೈಯಲ್ಲಿ ಇದ್ದದ್ದು ಮುಗಿದಿರುತ್ತದೆ, ಮುಂದಿನ ಕಂತಿಗೆ ಬೇಕಾದ ಹಂತ ಮುಟ್ಟಿರುವುದಿಲ್ಲ. ಅಲ್ಲಿಗೆ ಅದು ಟಾರ್ಪಾಲು ಹೊದ್ದು ಕೂರುತ್ತದೆ. ಮೊದಲು 400ರಲ್ಲಿ ಮುಗಿಸಿ, ಮನೆ ನಂಬ್ರ ಪಡೆದು, ಮುಂದೆ ಕೂಡಿಸಲು ಒಂದು ಬದಿಯಲ್ಲಿ ಜಾಗ ಬಿಟ್ಟುಕೊಳ್ಳುವುದೇ ಸರಿ. ಶೌಚಾಲಯದ ಗುಂಡಿಗೆ ಬಾವಿಯಿಂದ 7.5 ಮೀಟರ್, ಗಡಿಯಿಂದ 1.2 ಮೀಟರ್ ದೂರ ಬೇಕು. ಮೂರ್ನಾಲ್ಕು ಸೆಂಟಿನ ಜಾಗದಲ್ಲಿ ಮನೆಗಿಂತ ಮೊದಲು ಈ ಗುಂಡಿಯ ಜಾಗ ಗುರುತಿಸಬೇಕು. ಪಕ್ಕದವರ ಬಾವಿಯೂ ಲೆಕ್ಕಕ್ಕೆ ಬರುತ್ತದೆ ಎನ್ನುವುದನ್ನು ಮೇಸ್ತ್ರಿಗಳು ಮರೆಯುತ್ತಾರೆ.

"ಬೀಳುವ ಹಾಗಿರುವ ಮನೆ" ಅಂದದ್ದರಲ್ಲಿ ರಿಪೇರಿಗೆ ಆಗುವುದನ್ನು ಬೇರೆ ಮಾಡಿ. ಮಾಡು (ಛಾವಣಿ) ಮಾತ್ರ ಹೋಗಿ ಗೋಡೆ ಗಟ್ಟಿ ಇದ್ದರೆ ಮನೆ ರಿಪೇರಿ ಪ್ರಾಜೆಕ್ಟಿನಲ್ಲಿ ಬೇಗ ಆಗುತ್ತದೆ. ಹೊಸ ಮನೆಯ ಸಾಲಿನಲ್ಲಿ ನಿಂತರೆ ಅಷ್ಟರೊಳಗೆ ಗೋಡೆಯೂ ಕರಗುತ್ತದೆ.

ತೀರದ_ಉಪ್ಪಳ:

ಒಂದು ಸೇರಿಸುತ್ತೇನೆ, ಕರಾವಳಿಯ ವಾರ್ಡಿನವರು ಇದನ್ನು ಓದಿದರೆ ಬೇಕಾಗಬಹುದು. ಕಡಲಿನಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳನ್ನು ಲೈಫ್ ಪಟ್ಟಿಗೆ ತುರುಕಬೇಡಿ. ಅವರಿಗೆ ಮೀನುಗಾರಿಕೆ ಇಲಾಖೆಯ ಪುನರ್ಗೇಹಂ ಉಂಟು: ಜಾಗಕ್ಕೆ 6 ಲಕ್ಷ, ಮನೆಗೆ 4 ಲಕ್ಷ, ಒಟ್ಟು 10 ಲಕ್ಷ. ತೊಡಕು ಎಂತ ಅಂದರೆ ಆರು ಲಕ್ಷಕ್ಕೆ ದಾರಿ ಇರುವ ಜಾಗ ಹೆದ್ದಾರಿ ಹತ್ತಿರ ಸಿಗುವುದಿಲ್ಲ, ಒಳಗೆ ಹೋದರೆ ಬಲೆ, ದೋಣಿ ಬಿಟ್ಟು ಹೋಗಬೇಕು.

ಹೆದ್ದಾರಿ ವಿಷಯವೂ ಹಾಗೆಯೇ. ತಲಪಾಡಿ–ಚೆಂಗಳ ಷಟ್ಪಥದ ಅಂಡರ್‌ಪಾಸ್, ಕಾಲುಸೇತುವೆ ಪಂಚಾಯತಿಯ ಕೈಯಲ್ಲಿಲ್ಲ. ಅದಕ್ಕೆ ಯೋಜನೆಯಲ್ಲಿ ಹಣ ಕೇಳುವುದು ಗಾಳಿಗೆ ಗುದ್ದಿದ ಹಾಗೆ. ಠರಾವು ಮಾಡಿಸಬಹುದು. ಆದರೆ ಹೆದ್ದಾರಿಯ ಚರಂಡಿ ನೀರು ಪಂಚಾಯತಿ ತೋಡಿಗೆ (ಸಣ್ಣ ಹಳ್ಳ) ಬಂದು ಬೀಳುವ ಜಾಗ ಪಂಚಾಯತಿಯದ್ದೇ. ಆ ತೋಡಿನ ಅಗಲ ಸಾಕಾ ಎಂದು ಜಂಟಿ ಪರಿಶೀಲನೆ ಕೇಳಿ, ಮಳೆಗೆ ಮೊದಲು.

ಪೈವಳಿಕೆ_ಕಡೆಯವ:

ತುಂಬ ಉಪಕಾರ. ಮನೆಯದ್ದು ಈಗ ಸ್ಪಷ್ಟ ಆಯಿತು. ಬೀದಿದೀಪ ಮತ್ತು ಕೋರೆ ಬಗ್ಗೆ ಯಾರಾದರೂ ಹೇಳುತ್ತೀರಾ? ಕೋರೆಯ ಮಾಲಿಕರು ಊರಲ್ಲಿ ಇಲ್ಲ. ಒಂದಕ್ಕೆ ರಸ್ತೆ ಬದಿಯಲ್ಲಿ ಮಾತ್ರ ತಂತಿ ಬೇಲಿ ಉಂಟು.

ಮುಳ್ಳೇರಿಯ_ವಯರ್‌ಮ್ಯಾನ್:

ದೀಪದ್ದು ನಾನು.

ಮೊದಲು ರಸ್ತೆಯಲ್ಲಿ ನಡೆದು ಕಂಬದ ನಂಬ್ರ ಬರೆದುಕೊಳ್ಳಿ. ಪ್ರತಿ ಕಂಬದ ಎದುರು ಒಂದೇ ಪ್ರಶ್ನೆ: ಬೀದಿದೀಪದ ಪ್ರತ್ಯೇಕ ತಂತಿ ಎಳೆದಿದ್ದಾರಾ? ಕಂಬ ಉಂಟು, ದೀಪ ಯಾಕಿಲ್ಲ ಎಂದು ಕೇಳುವವರಿಗೆ ಇದು ಗೊತ್ತಿರುವುದಿಲ್ಲ. ಆ ತಂತಿ ಇದ್ದರೆ ಕೆಲಸ ಬರೀ ದೀಪ ಮತ್ತು ಬ್ರಾಕೆಟ್. ಇಲ್ಲದಿದ್ದರೆ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಎಸ್ಟಿಮೇಟ್ ಕೊಡಬೇಕು, ಪಂಚಾಯತಿ ಹಣ ಡೆಪಾಸಿಟ್ ಮಾಡಬೇಕು, ಆಮೇಲೆ ಲೈನ್ ಎಳೆಯಬೇಕು. ಇವೆರಡು ಎರಡು ಪ್ರಾಜೆಕ್ಟ್. ಒಂದೇ ಬೇಡಿಕೆಯಾಗಿ ಬರೆದರೆ ಲೈನಿನ ಹಣ ಕಟ್ಟುವವರೆಗೆ, ತಂತಿ ಇರುವ ಕಂಬದಲ್ಲೂ ದೀಪ ಬರುವುದಿಲ್ಲ. ಬೇರೆ ಬೇರೆ ಬರೆಯಿರಿ.

ಒಂದೂವರೆ ಕಿಲೋಮೀಟರಿಗೆ 30 ಮೀಟರಿಗೊಂದು ಕಂಬ ಹಿಡಿದರೆ 50 ಕಂಬ. ಎಲ್ಲದಕ್ಕೂ ದೀಪ ಕೇಳುವುದು ನನ್ನ ಪ್ರಕಾರ ಜಾಣತನ ಅಲ್ಲ. 20 ವ್ಯಾಟಿನ ಎಲ್‌ಇಡಿ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 7.2 ಯುನಿಟ್. 50 ದೀಪಕ್ಕೆ 360 ಯುನಿಟ್, ಈ ಬಿಲ್ಲು ಪಂಚಾಯತಿ ಪ್ರತಿ ತಿಂಗಳು ಕಟ್ಟುತ್ತಲೇ ಇರಬೇಕು. ತಿರುವು, ಬಸ್ ನಿಲ್ಲುವಲ್ಲಿ, ತೋಡಿನ ಸಂಕ (ಕಿರುಸೇತುವೆ), ಅಂಗನವಾಡಿ, ಕಾಲುದಾರಿ ರಸ್ತೆಗೆ ಸೇರುವಲ್ಲಿ, ಕೋರೆಯ ಹತ್ತಿರ, ಹೀಗೆ ಆರಿಸಿದರೆ 18–20ರಲ್ಲಿ ಮುಗಿಯುತ್ತದೆ. ಆಯ್ದು ಕೇಳಿದ್ದು ಪಾಸಾಗುತ್ತದೆ, ಇಡೀ ರಸ್ತೆ ಕೇಳಿದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ.

ದೀಪ ಕೆಡುವುದು ಹೆಚ್ಚಾಗಿ ಗುಡುಗು ಮಿಂಚಿನ ಕಾಲದಲ್ಲಿ, ಅಂದರೆ ತುಲಾ ಮಳೆಗೆ (ಅಕ್ಟೋಬರ್–ನವೆಂಬರ್) ಮತ್ತು ಮೇ ತಿಂಗಳಲ್ಲಿ. ಒಳಗಿನ ಡ್ರೈವರ್ ಸುಡುತ್ತದೆ. ಸರ್ಜ್ ತಡೆಯುವ ಭಾಗ ಇರುವ ದೀಪವೇ ಬೇಕೆಂದು ಮತ್ತು ನಿರ್ವಹಣೆಯ ಕರಾರಿನಲ್ಲಿ ಎಷ್ಟು ದಿನದೊಳಗೆ ಬದಲಿಸಬೇಕೆಂದು ಬರೆಸಿ. ಕರಾರು ಇಲ್ಲದೆ ಹಾಕಿದ ದೀಪ ಹಾಳಾದರೆ ಯಾರನ್ನೂ ಕೇಳುವ ಹಾಗಿಲ್ಲ. ಹಗಲಲ್ಲಿ ದೀಪ ಉರಿಯುತ್ತಿದ್ದರೆ ಆನ್‌ ಆಫ್ ಮಾಡುವ ಟೈಮರ್ ಕೆಟ್ಟಿದೆ ಎಂದು ಅರ್ಥ, ಬಿಲ್ಲು ದುಪ್ಪಟ್ಟು. ಅದನ್ನು ಕೆಎಸ್‌ಇಬಿ ಸೆಕ್ಷನ್ ಆಫೀಸಿಗೆ ಕಂಬದ ನಂಬ್ರ ಸಮೇತ ಹೇಳಿ.

ಗಡಿನಾಡ_ಲೆಕ್ಕ:

ಕೋರೆ ವಿಷಯ. ಕೆಂಪುಕಲ್ಲು ಯಂತ್ರದಲ್ಲಿ ಕೊಯ್ದ ಹೊಂಡದ ಅಪಾಯ ಆಳಕ್ಕಿಂತ ಅದರ ಬದಿಯದ್ದು. ನಾಲ್ಕೂ ಬದಿ ನೆಟ್ಟಗೆ ಗೋಡೆಯ ಹಾಗೆ, ಮಳೆಗಾಲದಲ್ಲಿ ಪಾಚಿ ಹಿಡಿದು ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬರುವವನಿಗೂ ಹತ್ತಿ ಬರಲು ಆಗುವುದಿಲ್ಲ. ರಸ್ತೆ ಬದಿಗೆ ಮಾತ್ರ ಬೇಲಿ ಹಾಕಿದ್ದು ವಾಹನ ಬೀಳದ ಹಾಗೆ, ಮಕ್ಕಳು ಬರುವುದು ಗುಡ್ಡದ ಕಡೆಯಿಂದ.

ಹಾಗಾಗಿ ಬೇಡಿಕೆಯಲ್ಲಿ ಮೂರು ಸಂಗತಿ ಬರಲಿ. ನಾಲ್ಕೂ ಬದಿಗೆ ಬೇಲಿ. ಒಂದು ಮೂಲೆಯಲ್ಲಿ ನೀರಿನ ತಳದವರೆಗೆ ಮೆಟ್ಟಿಲಿನ ಹಾಗೆ ಕೊಯ್ದ ಇಳಿಜಾರು. ಹತ್ತಿರದ ಮರ ಅಥವಾ ಕಂಬಕ್ಕೆ ಕಟ್ಟಿದ ನೈಲಾನ್ ಹಗ್ಗ ಮತ್ತು ಟ್ಯೂಬು, ಇದಕ್ಕೆ ಸಾವಿರ ಚಿಲ್ಲರೆ ಸಾಕು, ಅಯಲ್‌ಕೂಟವೇ ಮಾಡಬಹುದು. ಹೊಂಡವನ್ನು ಹೆದ್ದಾರಿಯ ಮಣ್ಣು, ಕಟ್ಟಡದ ಅವಶೇಷ ತಂದು ತುಂಬಿಸುತ್ತೇವೆ ಎಂದು ಯಾರಾದರೂ ಬಂದರೆ ಜಾಗ್ರತೆ: ಅದರ ಹಿಂದೆಯೇ ಕಸ ಬರುತ್ತದೆ, ಕೆಳಗಿನ ಬಾವಿಗಳ, ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದವು) ನೀರು ಹಾಳಾಗುತ್ತದೆ.

ಮಾಲಿಕರು ಊರಲ್ಲಿ ಇಲ್ಲದಿದ್ದರೂ ನೋಟಿಸ್ ಹೋಗುತ್ತದೆ. ಸರ್ವೆ ನಂಬ್ರ ತಿಳಿದರೆ ಭೂತೆರಿಗೆ ಯಾರ ಹೆಸರಲ್ಲಿ ಉಂಟೆಂದು ವಿಲ್ಲೇಜ್ ಆಫೀಸಿನಲ್ಲಿ ಸಿಗುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಪಡೆದು ತೆಗೆದ ಕೋರೆಯೋ, ಅನುಮತಿ ಇಲ್ಲದ್ದೋ ಎಂದು ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅನುಮತಿ ಇದ್ದದ್ದಾದರೆ ಕೆಲಸ ಮುಗಿದ ಮೇಲೆ ಸುರಕ್ಷಿತ ಮಾಡಿ ಬಿಡುವ ಹೊಣೆ ಷರತ್ತಿನಲ್ಲೇ ಇರುತ್ತದೆ.

ನಿಮ್ಮ ಇನ್ನೊಂದು ಪ್ರಶ್ನೆ, ಕನ್ನಡ. ಧಾರಾಳವಾಗಿ ಕೊಡಬಹುದು. 1969ರ ಕೇರಳ ರಾಜಭಾಷಾ ಕಾನೂನಿನಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಇದು ಹಕ್ಕಿನ ಮಾತು. ಉಪಾಯದ ಮಾತು ಬೇರೆ: ಓದುವ ಕ್ಲಾರ್ಕ್ ತೆಂಕಲಿನ ಜಿಲ್ಲೆಯಿಂದ ಬಂದವರಾಗಿದ್ದರೆ ಫೈಲ್ ತಪ್ಪು ಸೆಕ್ಷನ್ನಿಗೆ ಹೋಗುತ್ತದೆ. ಕನ್ನಡ ಅರ್ಜಿಯ ತಲೆಯಲ್ಲಿ ವಿಷಯದ ಒಂದು ಸಾಲು ಮಲಯಾಳದಲ್ಲೂ ಇದ್ದರೆ ಇದು ತಪ್ಪುತ್ತದೆ. ಸರ್ವೆ ನಂಬ್ರ, ಕಂಬದ ನಂಬ್ರ, ಮನೆ ನಂಬ್ರ ಅಂಕೆಯಲ್ಲೇ ಬರೆಯಿರಿ. ಫ್ರಂಟ್ ಆಫೀಸಿನ ರಶೀದಿ ಪಡೆಯದೆ ಬರಬೇಡಿ.

ಪೆರ್ಲದಕ್ಕ:

ಪಾಲಿಯೇಟಿವ್ ಯಾರೂ ಮುಟ್ಟಲಿಲ್ಲವಲ್ಲ! ಪಟ್ಟಿಯ ಕೊನೆಯಲ್ಲಿ ಇದ್ದದ್ದು ಯಾವಾಗಲೂ ಕೊನೆಯಲ್ಲೇ ಉಳಿಯುತ್ತದೆ.

"ನರ್ಸ್ ಬರಬೇಕು" ಅನ್ನುವುದು ಬೇಡಿಕೆ ಅಲ್ಲ, ನರ್ಸ್ ಈಗಾಗಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತಾರೆ. ಕೇಳಬೇಕಾದ್ದು: ತಿಂಗಳಿಗೆ ಎಷ್ಟು ದಿನ ಹೋಂಕೇರ್ ಹೊರಡುತ್ತದೆ, ನಮ್ಮ ವಾರ್ಡಿಗೆ ಎಷ್ಟನೇ ತಾರೀಕು, ಆ ದಿನ ತಪ್ಪಿದರೆ ಯಾಕೆ? ತಪ್ಪುವುದಕ್ಕೆ ಸಾಮಾನ್ಯ ಕಾರಣ ಗಾಡಿ. ನಮ್ಮ ಪಂಚಾಯತಿಗಳಲ್ಲಿ ಮನೆಗಳು ಗುಡ್ಡದಲ್ಲಿ ಚದುರಿಕೊಂಡಿವೆ, ಬಾಡಿಗೆ ಜೀಪಿನ ದಿನದ ದರಕ್ಕೆ ಪ್ರಾಜೆಕ್ಟಿನಲ್ಲಿ ಇಟ್ಟ ಮೊತ್ತ ಸಾಲುವುದಿಲ್ಲ. ವರ್ಷದ ಕೊನೆಗೆ ಬಿಲ್ಲು ಟ್ರೆಶರಿಯಲ್ಲಿ ನಿಂತರೆ ಮತ್ತೆ ಗಾಡಿಯವರು ಬರುವುದಿಲ್ಲ. ಹಾಗಾಗಿ ಗಾಡಿ ಬಾಡಿಗೆಯ ಸಾಲನ್ನು ಹೆಚ್ಚಿಸಿ ಎಂದು ನೇರ ಬರೆಯಿರಿ.

ಜೊತೆಗೆ ವಾರ್ಡಿನ ರೋಗಿಗಳ ಪಟ್ಟಿ ಕೊಡಿ, ಹೆಸರು ಸಭೆಯಲ್ಲಿ ಓದಬೇಡಿ. ಎಷ್ಟು ಮಂದಿ ಹಾಸಿಗೆ ಹಿಡಿದವರು, ಎಷ್ಟು ಮಂದಿಗೆ ಮೂತ್ರದ ಕ್ಯಾತೀಟರ್, ಬೆನ್ನು ಹುಣ್ಣು ಎಷ್ಟು, ಗಾಡಿ ಹೋಗದ ಮನೆ ಎಷ್ಟು. ಆಶಾ ಕಾರ್ಯಕರ್ತೆಗೆ ಇದು ಗೊತ್ತಿರುತ್ತದೆ. ಕ್ಯಾತೀಟರ್ ಸಮಯಕ್ಕೆ ಬದಲಿಸದಿದ್ದರೆ ಸೋಂಕು ಬಂದು ಕಾಸರಗೋಡಿಗೋ ಮಂಗಳೂರಿಗೋ ಓಡಬೇಕು, ಆದ್ದರಿಂದ ಆ ಮನೆಗಳ ದಿನ ಮೊದಲು ನಿಗದಿಯಾಗಲಿ.

ನಮ್ಮ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಬಾಧಿತರ ಮನೆಗಳಲ್ಲಿ ನೋಡಿಕೊಳ್ಳುವ ತಾಯಂದಿರಿಗೇ ವಯಸ್ಸಾಗಿದೆ. ಮಕ್ಕಳು ದೊಡ್ಡವರಾಗಿದ್ದಾರೆ, ಎತ್ತಿ ಕೂರಿಸಲು ಇಬ್ಬರು ಬೇಕು. ಬಡ್ಸ್ ಶಾಲೆಗೆ (ಬೌದ್ಧಿಕ ಭಿನ್ನಸಾಮರ್ಥ್ಯದ ಮಕ್ಕಳ ಶಾಲೆ) ಕಟ್ಟಡ ಕೇಳುವವರು ಹೆಚ್ಚು. ವ್ಯಾನ್, ಆಯಾ, ಥೆರಪಿ ಮಾಡುವವರು, ಇವರ ಸಂಬಳ ಪ್ರತಿ ವರ್ಷ ಪ್ರಾಜೆಕ್ಟಾಗಿ ಬರಬೇಕು, ಅದು ತಪ್ಪಿದರೆ ಕಟ್ಟಡಕ್ಕೆ ಬೀಗ. ಯೋಜನಾ ನಿಧಿಯಲ್ಲಿ ಮಕ್ಕಳು ಮತ್ತು ಭಿನ್ನಸಾಮರ್ಥ್ಯದವರಿಗೆ 5 ಶೇಕಡ, ಮಹಿಳಾ ಘಟಕಕ್ಕೆ 10 ಶೇಕಡ ಕಡ್ಡಾಯ. ಕಳೆದ ವರ್ಷ ಆ 5 ಶೇಕಡ ಯಾವುದಕ್ಕೆ ಹೋಯಿತು ಎಂದು ಸಭೆಯಲ್ಲಿ ಕೇಳಿ. ಅಂಗನವಾಡಿಯ ಬಣ್ಣಕ್ಕೆ ಹೋಗಿದ್ದರೆ ಮಾತಾಡಲು ಎಡೆ ಸಿಗುತ್ತದೆ.

ಗಡಿನಾಡ_ಲೆಕ್ಕ:

ಅಕ್ಕ ಹೇಳಿದ್ದು ಸರಿ. ಸಭೆಯ ದಿನದ ಬಗ್ಗೆ ಎರಡು ಮಾತು. ಕೋರಂ ವಾರ್ಡಿನ ಮತದಾರರ 10 ಶೇಕಡ. 1,200 ಮತದಾರರಿದ್ದರೆ 120 ಮಂದಿ ಬೇಕು. ರಿಜಿಸ್ಟರ್ ಮನೆ ಮನೆಗೆ ಕೊಂಡುಹೋಗಿ ಸಹಿ ಹಾಕಿಸುವ ಪದ್ಧತಿಗೆ ಒಪ್ಪಬೇಡಿ. ಹಾಗೆ ಆದ ಸಭೆಯ ತೀರ್ಮಾನವನ್ನು ಯಾರಾದರೂ ಪ್ರಶ್ನಿಸಿದರೆ ನಿಮ್ಮ ಮನೆ ಪಟ್ಟಿಯೂ ಬಿದ್ದುಹೋಗುತ್ತದೆ. ಕುಟುಂಬಶ್ರೀಯ ವಾರ್ಡ್ ಮಟ್ಟದ ಒಕ್ಕೂಟವಾದ ಎಡಿಎಸ್ ಮೂಲಕ ಜನ ಬರಿಸಿ.

ಪ್ರತಿ ಬೇಡಿಕೆ ಒಂದು ಹಾಳೆ: ಜಾಗ, ಸರ್ವೆ ಅಥವಾ ಕಂಬದ ನಂಬ್ರ, ಎಷ್ಟು ಕುಟುಂಬಕ್ಕೆ ಉಪಯೋಗ, ಯಾವ ನಿಧಿ, ಫೋಟೋ ಎರಡು. ರಸ್ತೆಯದ್ದೇನಾದರೂ ಇದ್ದರೆ ಅದು ಪಂಚಾಯತಿಯ ಆಸ್ತಿ ರಿಜಿಸ್ಟರಿನಲ್ಲಿ ಉಂಟಾ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಹಣ ಇಡಲು ಬರುವುದಿಲ್ಲ.

ಗ್ರಾಮಸಭೆಯಲ್ಲಿ ಪಾಸಾದದ್ದು ಕಾರ್ಯತಂಡಕ್ಕೆ (ವಿಷಯವಾರು ಪ್ರಾಜೆಕ್ಟ್ ತಯಾರಿಸುವ ಗುಂಪು), ಅಲ್ಲಿಂದ ಅಭಿವೃದ್ಧಿ ಸೆಮಿನಾರಿಗೆ, ಪಂಚಾಯತಿ ಸಭೆಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ ಹೋಗುತ್ತದೆ. ಬೇಡಿಕೆ ಕಾಣೆಯಾಗುವುದು ಹೆಚ್ಚಾಗಿ ಕಾರ್ಯತಂಡದಲ್ಲಿ, ಯಾಕೆಂದರೆ ಅಲ್ಲಿ ವಾರ್ಡಿನ ಪರವಾಗಿ ಮಾತಾಡುವವರು ಇರುವುದಿಲ್ಲ. ಸೆಮಿನಾರಿಗೆ ಕಳಿಸುವ ಪ್ರತಿನಿಧಿಗಳನ್ನು ಗ್ರಾಮಸಭೆಯಲ್ಲೇ ಆರಿಸುತ್ತಾರೆ. ಆ ಹೊತ್ತಿಗೆ ಊಟಕ್ಕೆ ಎದ್ದು ಹೋಗಬೇಡಿ.

ಪೈವಳಿಕೆ_ಕಡೆಯವ:

ಸರಿ. ಏಳು ಕುಟುಂಬದ ಭೂತೆರಿಗೆ ರಶೀದಿ ಒಟ್ಟು ಮಾಡಿ ನಾಳೆ ವಿಇಒ ಹತ್ತಿರ ಹೋಗುತ್ತೇವೆ. ಒಂದು ಮಾತ್ರ ಕೇಳುವುದು ಬಾಕಿ: ಜಾಗ ತಂದೆಯ ಹೆಸರಲ್ಲಿ ಉಂಟು, ತಂದೆ ತೀರಿಹೋಗಿದ್ದಾರೆ, ನಾಲ್ಕು ಮಂದಿ ಮಕ್ಕಳು. ಒಬ್ಬನಿಗೆ ಮಾತ್ರ ಮನೆ ಇಲ್ಲ. ಏನು ಮಾಡುವುದು?

ಪೆರ್ಲದಕ್ಕ:

ಉಳಿದ ಮೂವರು ಅವನ ಪಾಲನ್ನು ಭಾಗಪತ್ರ ಅಥವಾ ಹಕ್ಕು ಬಿಡುವ ಪತ್ರದಲ್ಲಿ ರಿಜಿಸ್ಟರ್ ಮಾಡಿಸಬೇಕು, ಆಮೇಲೆ ಪೋಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ಅವನ ಹೆಸರಲ್ಲಿ ತೆರಿಗೆ ಕಟ್ಟಬೇಕು. ಬಾಯಿಮಾತಿನ ಪಾಲು ನಡೆಯುವುದಿಲ್ಲ. ಗಲ್ಫಿನಲ್ಲಿ ಇರುವ ಅಣ್ಣತಮ್ಮಂದಿರಿದ್ದರೆ ಪವರ್ ಆಫ್ ಅಟಾರ್ನಿ ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಪಾಲು ಬರೆಯುವಾಗ ಮನೆಗೆ ಹೋಗುವ ದಾರಿಯನ್ನೂ ಪತ್ರದಲ್ಲೇ ಸೇರಿಸಿ.